ಗೇಟಿನ ಮನೆಯಲ್ಲಿ ಓದಿದ ಫ್ರೆಂಚ್ ಕಾದಂಬರಿ

ಜೈಬುನ್ನೀಸಾ ಶಹಾಬಾದಿನ ಹೆಣ್ಣುಮಕ್ಕಳ ಶಾಲೆಗೆ ಬಂದದ್ದು ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮರುವರ್ಷ. ಆಗ ಆಕೆಗೆ ಇಪ್ಪತ್ತೆಂಟು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಜ್ವರದಿಂದ ತೀರಿಕೊಂಡಿದ್ದ. ಚಿತ್ತಾಪುರದ ತಹಸೀಲ ಕಚೇರಿಯಲ್ಲಿ ಮುನ್ಷಿಯಾಗಿದ್ದ ತಂದೆಯೂ ಇರಲಿಲ್ಲ. ಮನೆಯಲ್ಲಿ ತಾಯಿ ಅಖ್ತರ ಬೇಗಂ ಮತ್ತು ಆಕೆ, ಇಬ್ಬರೇ. ಗುಲ್ಬರ್ಗದಲ್ಲಿ ಉರ್ದು ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿದ್ದಳು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಕನ್ನಡವನ್ನು ಚಿತ್ತಾಪುರದ ಓಣಿಯಲ್ಲಿ ಬೆಳೆದ ಯಾರಾದರೂ ಮಾತಾಡುವಷ್ಟೇ ಸಲೀಸಾಗಿ ಮಾತಾಡುತ್ತಿದ್ದಳು. ಆದರೆ ಅದರ ಒಂದಕ್ಷರ ಓದಲು ಬರುತ್ತಿರಲಿಲ್ಲ. ಅದರ ಅಗತ್ಯ ಎಂದೂ ಬಿದ್ದಿರಲಿಲ್ಲ.

ಈಗ ಬಿದ್ದಿತ್ತು. ಶಾಲೆಯ ಪಾಠಗಳೆಲ್ಲ ಕನ್ನಡಕ್ಕೆ ತಿರುಗಿದ್ದವು. ಹಿಂದೆ ಮಕ್ಕಳು ಉಪಾಧ್ಯಾಯಿನಿಯರನ್ನು ಉಸ್ತಾನಿಯಮ್ಮ ಎನ್ನುತ್ತಿದ್ದರು, ಈಗ ಅಕ್ಕೋರು ಎನ್ನತೊಡಗಿದ್ದರು. ಕನ್ನಡ ಪರೀಕ್ಷೆ ಪಾಸು ಮಾಡದವರನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲವೆಂಬ ಮಾತು ಹಬ್ಬಿತ್ತು. ಸದ್ಯಕ್ಕೆ ಲೆಕ್ಕ, ಹೊಲಿಗೆ ಇವೆರಡನ್ನು ಆಕೆಗೆ ಕೊಟ್ಟು ಸುಮ್ಮನಿದ್ದರು. ಆಕೆಯೂ ಸುಮ್ಮನಿರುವವಳೇ. ಪಾಠಕ್ಕೆ ಬೇಕಾದಷ್ಟು ಮಾತು, ಅದು ಮುಗಿದರೆ ಮನೆ. ಜೊತೆಯವರು ಆಕೆಗೆ ಸೊಕ್ಕು ಎಂದುಕೊಂಡಿದ್ದರು.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ, ರೈಲ್ವೆಯ ನೀಲಿ ಅಂಗಿ ತೊಟ್ಟ ಒಬ್ಬ ಗಂಡಸು ಬಾಗಿಲ ಹೊರಗೆ ಬಂದು ನಿಂತ. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಇತ್ತು.

“ಅಕ್ಕೋರೆ, ಇಂಗ್ಲಿಷ್ ಅಕ್ಷರ ಛಲೋ ಓದೋರು ಈ ಸಾಲಿಯೊಳಗ ನೀವು ಅಂತ ಹೇಳಿದ್ರು. ಅದಕ್ಕ ಬಂದೀನಿ.”

“ಏನು, ಸರಕಾರಿ ಕಾಗದ ಅದೇನು?”

“ಅಲ್ರಿ. ಕಿತಾಬು.”

ಕಾಗದದ ರಟ್ಟಿನ, ಅಂಚು ಒರಟಾಗಿ ಕತ್ತರಿಸಿದ ಪುಸ್ತಕ. ಜೈಬುನ್ನೀಸಾ ಮೊದಲ ಪುಟ ತಿರುವಿ ಹುಬ್ಬು ಗಂಟಿಕ್ಕಿದಳು. “ಇದು ಇಂಗ್ಲಿಷ್ ಅಲ್ಲ.”

“ಗೊತ್ತದ್ರಿ. ಫ್ರೆಂಚು. ನನಗ ಫ್ರೆಂಚ್ ಬರ್ತದ.”

ಆಕೆ ಆಗ ಅವನ ಮುಖವನ್ನು ಸರಿಯಾಗಿ ನೋಡಿದಳು. “ಬರ್ತದಂದ್ರ ನೀವೇ ಓದಬಹುದಲ್ಲ.”

“ಮಾತು ಬರ್ತದ, ಅಕ್ಷರ ಬರಂಗಿಲ್ಲ. ನಿಮಗ ಅಕ್ಷರ ಬರ್ತದ. ನೀವು ಗಟ್ಟಿಯಾಗಿ ಓದ್ರಿ, ನಾ ಕೇಳಿ ತಿಳ್ಕೋತೀನಿ.”

ಅವನ ಹೆಸರು ಖಂಡೆಪ್ಪ. ಗುಂಡಗುರ್ತಿಯ ಒಕ್ಕಲು ಮನೆಯವನು. ಯುದ್ಧ ಶುರುವಾದಾಗ ಸೊಲ್ಲಾಪುರಕ್ಕೆ ಹೋಗಿ ಫೌಜಿಗೆ ಸೇರಿ, ಲಾರಿ ನಡೆಸಲು ಕಲಿತು, ಆಫ್ರಿಕಾದ ಮರಳಿನಲ್ಲಿ ಜರ್ಮನರ ಕೈಗೆ ಸಿಕ್ಕಿದ್ದ. ಅಲ್ಲಿಂದ ಇಟಲಿಗೆ, ಕೊನೆಗೆ ಫ್ರಾನ್ಸಿನ ಪೂರ್ವ ದಿಕ್ಕಿನ ಒಂದು ಕೈದಿಗಳ ಕ್ಯಾಂಪಿಗೆ ಸಾಗಿಸಿದ್ದರು. ಒಂದು ದಿನ ವಿಮಾನಗಳು ಬಾಂಬು ಸುರಿದವು. ಕ್ಯಾಂಪಿನ ಬೇಲಿ ಮುರಿದು ಬಿತ್ತು. ಬದುಕಿ ಉಳಿದವರು ದಿಕ್ಕು ಸಿಕ್ಕಲ್ಲಿ ಓಡಿದರು. ಖಂಡೆಪ್ಪ ಗುಡ್ಡ ಹತ್ತಿ ಓಡಿ, ಬೆರ್ತ್ ಎಂಬ ಮುದಿ ವಿಧವೆಯ ಹೊಲದ ಮನೆಗೆ ಬಂದು ಬಿದ್ದ. ಆಕೆ ಅವನನ್ನು ಹುಲ್ಲಿನ ಅಟ್ಟದಲ್ಲಿ ಅಡಗಿಸಿದಳು. ಸಿಕ್ಕಿಬಿದ್ದಿದ್ದರೆ ಜರ್ಮನರು ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಗುಂಡಿಕ್ಕುತ್ತಿದ್ದರು. ಬೇಸಿಗೆಯಿಂದ ಚಳಿ ಹಿಡಿಯುವವರೆಗೆ ಅವನು ಅಲ್ಲೇ ಇದ್ದ. ಅವನಿಗೆ ಬರುತ್ತಿದ್ದ ಫ್ರೆಂಚ್ ಎಂದರೆ ಆ ಮುದುಕಿಯ ಫ್ರೆಂಚು: ಆಕಳು, ಹುಲ್ಲು, ರೊಟ್ಟಿ, ಮಳೆ, ಸಿಟ್ಟು, ಸಮಾಧಾನ.

ಬೆರ್ತಳ ಪಕ್ಕದ ಮನೆಯಲ್ಲಿ ಒಬ್ಬ ಶಾಲಾ ಮಾಸ್ತರನಿದ್ದ. ಯುದ್ಧ ಮುಗಿದ ಮೇಲೆ ಅವನು ಆ ದಿನಗಳನ್ನೇ ಹಿಡಿದು ಕಾದಂಬರಿ ಬರೆದ. ಅದನ್ನು ಮುದುಕಿ ಟಪಾಲಿನಲ್ಲಿ ಕಳಿಸಿದ್ದಳು. ಗುಂಡಗುರ್ತಿಗೆ ಬಂದ ಪುಸ್ತಕ ಕೈಯಿಂದ ಕೈಗೆ ಸಾಗಿ, ಶಹಾಬಾದ ಮತ್ತು ವಾಡಿಯ ನಡುವಿನ ರೈಲ್ವೆ ಗೇಟಿನಲ್ಲಿ ಕೆಲಸಕ್ಕಿದ್ದ ಖಂಡೆಪ್ಪನನ್ನು ಮುಟ್ಟಿತ್ತು. ಜೊತೆಗಿದ್ದ ಎರಡು ಸಾಲಿನ ಇಂಗ್ಲಿಷ್ ಚೀಟಿಯನ್ನು ಅವನು ಸ್ಟೇಷನ್ನಿನಲ್ಲಿ ಓದಿಸಿಕೊಂಡಿದ್ದ.

“ಇದರಾಗ ನಾನೂ ಇದ್ದೀನಂತ. ಏನು ಬರದಾನ ಅಂತ ತಿಳೀಬೇಕಲ್ರಿ,” ಎಂದ.

ಜೈಬುನ್ನೀಸಾ ಅಲ್ಲೇ ಕಟ್ಟೆಯ ಮೇಲೆ ಕುಳಿತು ಒಂದು ಸಾಲು ಓದಿದಳು. ಇಂಗ್ಲಿಷಿನ ಅಭ್ಯಾಸಕ್ಕೆ ಅಕ್ಷರ ಅಕ್ಷರವನ್ನೂ ಉಚ್ಚರಿಸಿ, ನಿಧಾನವಾಗಿ ಓದಿದಳು. ಖಂಡೆಪ್ಪ ಕಣ್ಣು ಮುಚ್ಚಿ ಕೇಳಿದ. ಮತ್ತೊಂದು ಸಾಲು ಓದಿದಳು. ಅವನು ಕಣ್ಣು ತೆರೆದ.

“ಇದು ಫ್ರೆಂಚ್ ಅಲ್ರಿ,” ಎಂದ, ಬೇಸರದಿಂದ.

ಬೇಡ ಎಂದು ಕಳಿಸಬಹುದಿತ್ತು. ಆದರೆ ಆಕೆಗೂ ಒಂದು ಹಟ ಹತ್ತಿತು. ಮುಂದಿನ ರವಿವಾರ ತಾಯಿಯನ್ನು ಕರೆದುಕೊಂಡು ಟಾಂಗಾದಲ್ಲಿ ಗೇಟಿನ ಮನೆಗೆ ಹೋದಳು. ಹಾಸಿದ್ದೂ ಹೊದಿಸಿದ್ದೂ ಫರಸಿ ಕಲ್ಲೇ ಆದ ಎರಡು ಕೋಣೆಯ ಮನೆ. ಖಂಡೆಪ್ಪನ ಹೆಂಡತಿ ಭಾಗಮ್ಮ ಚಾ ಕೊಟ್ಟು, ಅಖ್ತರ ಬೇಗಂಗೆ ಚಾಪೆ ಹಾಸಿ, ತಾನು ತೊಗರಿ ಹಸನು ಮಾಡುತ್ತ ಕುಳಿತಳು.

ಬೀಗ ತೆರೆದದ್ದು ಒಂದು ಸಣ್ಣ ಪದದಿಂದ. ಜೈಬುನ್ನೀಸಾ ‘ವಾಚೆ’ ಎಂದು ಓದಿದಳು. ಹಿಂದೆ ಮುಂದೆ ಹಾಲು, ಹುಲ್ಲು ಎಂಬಂಥ ಪದಗಳು ಹೇಗೋ ಕಿವಿಗೆ ಬಿದ್ದಿದ್ದರಿಂದ ಖಂಡೆಪ್ಪ ತಟ್ಟನೆ ನೆಟ್ಟಗೆ ಕುಳಿತ.

“ವಾಶ್. ಅದು ವಾಶ್ ಇರ್ತದ್ರಿ. ಆಕಳ.”

“ಕೊನೀಗೆ ಒಂದು ಅಕ್ಷರ ಅದಲ್ಲ.”

“ಇರಲಿ. ಅವರು ಅದನ್ನ ಬಾಯಾಗ ತರಂಗಿಲ್ಲ.”

‘ಬೆಔಕೌಪ್’ ಎಂದು ಆಕೆ ತಡವರಿಸಿದ್ದು ‘ಬೋಕು’ ಆಯಿತು. ಬಹಳ ಎಂದರ್ಥ. ಮೂರು ಸ್ವರ ಬರೆದು ಬರೀ ‘ಓ’ ಎನ್ನುವ ಜನ ಎಂಥವರಿರಬೇಕೆಂದು ಭಾಗಮ್ಮ ನಕ್ಕಳು. ಮರೆಯಬಾರದೆಂದು ಖಂಡೆಪ್ಪ ಪಾಟಿ ತೆಗೆದು ಸೀಮೆಸುಣ್ಣದಲ್ಲಿ ‘ಬೋಕು’ ಎಂದು ಕನ್ನಡದಲ್ಲಿ ಬರೆದು ಆಕೆಯ ಕಡೆ ತಿರುಗಿಸಿದ. ಚಿಕ್ಕಂದಿನಲ್ಲಿ ಊರ ಮಠದಲ್ಲಿ ಅಕ್ಷರ ಕಲಿತಿದ್ದ.

ಜೈಬುನ್ನೀಸಾ ಪಾಟಿಯನ್ನು ನೋಡುತ್ತ ಕುಳಿತಳು. ಹೇಳದೆ ಗತಿಯಿರಲಿಲ್ಲ.

“ನನಗ ಮಾತು ಬರ್ತದ, ಅಕ್ಷರ ಬರಂಗಿಲ್ಲ.”

ತಾನು ಶಾಲೆಯ ಬಾಗಿಲಲ್ಲಿ ಆಡಿದ್ದ ಮಾತೇ ಅದೆಂದು ಖಂಡೆಪ್ಪನಿಗೆ ಗೊತ್ತಾಯಿತು. ನಗಲಿಲ್ಲ. “ಹಂಗಾರ ಇಬ್ಬರೂ ಕಲಿಯೋಣ್ರಿ,” ಎಂದ.

ಹೀಗೆ ಶುರುವಾಯಿತು. ಆಕೆ ಫ್ರೆಂಚ್ ಅಕ್ಷರಗಳನ್ನು ಕೂಡಿಸಿ ಓದುವುದು, ಅವನು ಕೇಳಿ ತಿದ್ದುವುದು, ತಿದ್ದಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು, ಆಕೆ ಅದನ್ನು ತನ್ನ ಕೈಯಿಂದ ನಕಲು ಮಾಡುವುದು. ಜೈಬುನ್ನೀಸಾ ಜೀವಮಾನದಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಮೊದಲ ಪೂರ್ತಿ ವಾಕ್ಯ ‘ಲ ವಾಶ್ ಎ ಮಲಾದ್’. ಆಕಳಿಗೆ ಜಡ್ಡಾಗಿದೆ ಎಂದು ಅರ್ಥ. ಬಾಯಿಗೆ ಬಂದದ್ದನ್ನೇ ಬರೆಯುವ ಕನ್ನಡದ ಅಕ್ಷರಗಳು ಆಕೆಗೆ ಭಾಳ ಪ್ರಾಮಾಣಿಕವಾಗಿ ಕಂಡವು. ನಡುವೆ ಗಂಟೆ ಬಾರಿಸಿದರೆ ಖಂಡೆಪ್ಪ ಎದ್ದು ಹೋಗಿ ಗೇಟು ಹಾಕುತ್ತಿದ್ದ. ಮದ್ರಾಸ್ ಮೇಲ್ ಮನೆಯನ್ನು ನಡುಗಿಸಿ ಹೋಗುವವರೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಬಂಡಿಗಳನ್ನು ದಾಟಿಸಿ ಅವನು ಮರಳಿ ಬಂದು “ಎಲ್ಲಿದ್ವಿ?” ಎಂದು ಕೇಳುತ್ತಿದ್ದ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೂರು ಅಧ್ಯಾಯ ಮುಗಿದವು. ಮುಗಿದವು ಎಂದರೆ ಸೋಸಿದಂತೆ ಮುಗಿದವು. ಖಂಡೆಪ್ಪನಿಗೆ ಗೊತ್ತಿದ್ದ ಮಾತುಗಳಷ್ಟೇ ಉಳಿಯುತ್ತಿದ್ದವು, ಮಿಕ್ಕದ್ದು ಜಾರಿ ಹೋಗುತ್ತಿತ್ತು. ಆಕಳು ಬಂದರೆ ಸಾಕು, ಇಬ್ಬರೂ ಪುಟದ ಕೊನೆಯವರೆಗೆ ಓಡುತ್ತಿದ್ದರು. ಊರಿನ ಮೇಯರ್ ಯಾರನ್ನೋ ಹಿಡಿದುಕೊಟ್ಟನೋ ಅಥವಾ ಉಳಿಸಿದನೋ ಎಂಬಲ್ಲಿ ವಾರಗಟ್ಟಲೆ ಸಿಕ್ಕಿಬಿದ್ದಿದ್ದರು. ಮುದುಕಿಯ ಫ್ರೆಂಚಿನಲ್ಲಿ ಅಂಥ ಮಾತುಗಳು ಇರಲೇ ಇಲ್ಲ. ಆದರೂ ಓದಿದಷ್ಟು ಓದು ಮೈಗೆ ಹತ್ತುತ್ತಿತ್ತು. ಕೊಟ್ಟಿಗೆಯ ಬಾಗಿಲು ಕಿರುಗುಟ್ಟುವ ಪದ ಬಂದಾಗ ಖಂಡೆಪ್ಪ ಬಾಯಿಂದ ಅದೇ ಸದ್ದು ಮಾಡಿ ತೋರಿಸಿದ. ಪದವೂ ಹೆಚ್ಚು ಕಡಿಮೆ ಹಾಗೇ ಇತ್ತು.

ಆ ನಡುವೆ ಜೈಬುನ್ನೀಸಾ ಕನ್ನಡ ಪರೀಕ್ಷೆಗೆ ಕುಳಿತು ಪಾಸಾದಳು. ಸುದ್ದಿ ಹೇಳಲು ಪೇಡೆ ಹಿಡಿದುಕೊಂಡು ಗೇಟಿಗೆ ಹೋದ ದಿನ, ಭಾಗಮ್ಮ ಒಂದನ್ನು ಒಯ್ದು ಆ ಫ್ರೆಂಚ್ ಪುಸ್ತಕದ ಮುಂದೆ ಇಟ್ಟಳು.

ಮುಂದಿನ ವರ್ಷ ಸಿಮೆಂಟ್ ಕಾರ್ಖಾನೆಯ ಕ್ಲಬ್ಬಿನ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತ ನಾಗೇಂದ್ರಪ್ಪ, ಇವರ ಓದಿನ ಸುದ್ದಿ ಕೇಳಿ ಶಾಲೆಗೆ ಬಂದ. ಊರಿಗೆ ಮರಳಿದ ಒಬ್ಬ ಇಂಗ್ಲಿಷ್ ಇಂಜಿನಿಯರ್ ಬಿಟ್ಟುಹೋದ ಪುಸ್ತಕಗಳಲ್ಲಿ ಅದೇ ಲೇಖಕನ ಹೆಸರಿದೆ, ಅದೇ ಕಾದಂಬರಿಯ ಇಂಗ್ಲಿಷ್ ಇರಬೇಕು ಎಂದ. ಒಯ್ದು ಓದಿರಿ ಎಂದು ತಂದೇ ಕೊಟ್ಟ.

ಎರಡು ವರ್ಷ ಗುದ್ದಾಡಿದ ಪುಸ್ತಕವನ್ನು ಜೈಬುನ್ನೀಸಾ ಒಂದು ವಾರದಲ್ಲಿ ಓದಿ ಮುಗಿಸಿದಳು. ಮಂಜು ಹರಿದು ಊರು ಕಂಡಂತಾಯಿತು. ಮೇಯರ್ ಹಿಡಿದುಕೊಟ್ಟೂ ಇದ್ದ, ಉಳಿಸಿಯೂ ಇದ್ದ. ಒಬ್ಬನನ್ನು ಉಳಿಸಲು ಇನ್ನೊಬ್ಬನ ಹೆಸರು ಹೇಳಿ, ಆ ಭಾರದಲ್ಲೇ ಕುಗ್ಗಿಹೋಗಿದ್ದ. ಟಪಾಲು ಹಂಚುವ ಹುಡುಗಿ ಜರ್ಮನರ ವಿರುದ್ಧ ಹೋರಾಡಲು ಕಾಡು ಸೇರಿದ್ದವರಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ಇವರಿಬ್ಬರೂ ಆಕೆಯನ್ನು ಇಷ್ಟು ದಿನ ಯಾರದೋ ಹೆಂಡತಿ ಎಂದು ತಿಳಿದಿದ್ದರು.

ರವಿವಾರ ಗೇಟಿನ ಮನೆಯಲ್ಲಿ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಭಾಗಮ್ಮ ಕೆಲಸ ಬಿಟ್ಟು ಕೇಳಿದಳು. ಮೇಯರನ ಕೊನೆಗೆ ಕಣ್ಣೊರೆಸಿಕೊಂಡಳು. ಖಂಡೆಪ್ಪನಿಗೆ ಮಾತ್ರ ಸಮಾಧಾನವಾಗಲಿಲ್ಲ.

“ಕಥಿ ಹೌದ್ರಿ, ಇದೇ. ಎಲ್ಲಾ ತಿಳೀತು. ಆದರ ಯಾರೋ ದೂರ ನಿಂತು ಹೇಳ್ದಂಗ ಅದ.” ಆಮೇಲೆ ಕೇಳಿದ, “ಅಟ್ಟದಾಗ ಇದ್ದಾತಂದು ಏನು ಬರದಾರ?”

ಆಕೆ ಆ ಜಾಗ ತೆಗೆದು ಕನ್ನಡದಲ್ಲಿ ಹೇಳಿದಳು. ಅಟ್ಟದಲ್ಲಿ ಒಬ್ಬ ಕಪ್ಪು ಸಿಪಾಯಿ ಇದ್ದ. ಮುದುಕಿಯ ಮಗನನ್ನು ಜರ್ಮನಿಯ ಕಾರ್ಖಾನೆಗೆ ದುಡಿಯಲು ಒಯ್ದಿದ್ದರು. ಅವನು ಅಲ್ಲಿ ಸತ್ತನೆಂದು ಸುದ್ದಿ ಬಂದಾಗ ಆಕೆ ಅನ್ನ ನೀರು ಬಿಟ್ಟಳು. ಸಿಪಾಯಿ ಕೆಳಗಿಳಿದು ಬಂದು ಏನೋ ಗೊಣಗಿದ. ಸುಸ್ತಾಗಿದ್ದ ಮುದುಕಿ ಕೊನೆಗೆ ತಿಂದಳು. ಅಷ್ಟೇ ಇತ್ತು. ಅವನ ಬಗ್ಗೆ ಮತ್ತೆ ಮಾತಿರಲಿಲ್ಲ.

“ನಾ ಗೊಣಗಿದ್ದಿಲ್ಲ,” ಎಂದ ಖಂಡೆಪ್ಪ.

ಅವನು ಎದ್ದು ಹೊರಗೆ ಹೋದ. ಗಾಡಿ ಬರುವ ಹೊತ್ತಾಗಿರಲಿಲ್ಲ. ಮರಳಿ ಬಂದಾಗ ಜೈಬುನ್ನೀಸಾ ಫ್ರೆಂಚ್ ಪುಸ್ತಕ ಬಿಚ್ಚಿಕೊಂಡು ಕುಳಿತಿದ್ದಳು. ಇಂಗ್ಲಿಷಿನ ಅಧ್ಯಾಯ ಎಣಿಸಿ, ಅದೇ ಜಾಗವನ್ನು ಇದರಲ್ಲಿ ಹುಡುಕಿದ್ದಳು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇದ್ದದ್ದು ಇಲ್ಲಿ ಪುಟಗಟ್ಟಲೆ ಇತ್ತು.

ಕಥೆ ಮೊದಲೇ ತಿಳಿದಿದ್ದರಿಂದ ಓದು ಈಗ ಬೇಗ ಸಾಗಿತು. ಇಂಗ್ಲಿಷ್ ಇಲ್ಲದಿದ್ದರೆ ಆ ಪುಟಗಳಿಗೆ ಇನ್ನೊಂದು ವರ್ಷ ಹಿಡಿಯುತ್ತಿತ್ತೋ ಏನೋ. ಅಟ್ಟದ ಮನುಷ್ಯ ಹಾಲು ಕರೆಯುವುದು, ಮುದುಕಿಯೊಂದಿಗೆ ಹುಲ್ಲಿನ ಬಗ್ಗೆ ಜಗಳವಾಡುವುದು, ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ಅಂಗೈ ಎತ್ತಿ ಸೂರ್ಯನಿಗೆ ಪೂಜೆ ಮಾಡುವುದು, ಎಲ್ಲ ಇತ್ತು.

“ಸೂರ್ಯಂದಲ್ರಿ, ಲಿಂಗಪೂಜಿ,” ಖಂಡೆಪ್ಪ ನಕ್ಕುಬಿಟ್ಟ. “ಮಾಸ್ತರ ಬಾಗಿಲ ಸಂದ್ಯಾಗಿಂದ ನೋಡಿರ್ಬೇಕು. ಅಂಗೈಯಾಗ ಏನಿತ್ತು ಅಂತ ಅವಗ ಕಂಡಿಲ್ಲ.”

“ಅಂದ್ರ ಮೂಲದಾಗೂ ತಪ್ಪದ.”

“ತಪ್ಪಿರಲಿ. ಅವ ನನ್ನ ನೋಡಿ ತಪ್ಪು ಬರದಾನ. ಇಂಗ್ಲಿಷಿನಾವ ನೋಡ್ಲೇ ಇಲ್ಲ.”

ಜೈಬುನ್ನೀಸಾ ಮುಂದೆ ಓದಿದಳು. ಮುದುಕಿ ಒಲೆಯ ಮುಂದೆ ಕುಳಿತಿದ್ದಾಳೆ. ಮನುಷ್ಯ ರೊಟ್ಟಿ ಮುರಿದು ಹಾಲಿನಲ್ಲಿ ಅದ್ದಿ ಅವಳ ಮುಂದೆ ಹಿಡಿಯುತ್ತಾನೆ. ಆಮೇಲೆ ಎರಡು ಪದ. ಓರೆ ಅಕ್ಷರಗಳಲ್ಲಿ ಅಚ್ಚಾಗಿದ್ದವು. ಅವು ಆಕೆಗೆ ಸಿಗಲಿಲ್ಲ. ಎರಡನೆಯ ಪದವನ್ನು ‘ಔನ್ನೌ’ ಎಂದಳು. ಖಂಡೆಪ್ಪ ತಲೆಯಾಡಿಸಿದ, ಅಂಥ ಮಾತು ಮುದುಕಿ ಆಡಿದ್ದನ್ನು ತಾನು ಕೇಳಿಲ್ಲವೆಂದ. ಅವನೇ ಕಲಿಸಿದ್ದ ನಿಯಮ ನೆನಪಿಸಿಕೊಂಡು, ಆ ಎರಡು ಸ್ವರ ಕೂಡಿದರೆ ‘ಉ’ ಎಂದು ಮತ್ತೆ ಓದಿದಳು. “ಅವಾ, ಉನ್ನು.”

“ಉನ್ನು,” ಎಂದು ಖಂಡೆಪ್ಪ ಮೂಗಿನಲ್ಲಿ ಒಂದು ಸಲ, ತುಟಿ ಮುಂದೆ ಮಾಡಿ ಒಂದು ಸಲ ಅಂದು ನೋಡಿದ. “ಯಾವ ಊರಿನ ಮಾತೋ ಏನೋ.”

ಮೊರ ಹಿಡಿದು ಕುಳಿತಿದ್ದ ಭಾಗಮ್ಮ ತಲೆ ಎತ್ತಿದಳು. “ಅದು ಕನ್ನಡ ಅಲ್ಲೇನ್ರಿ?”

ಇಬ್ಬರೂ ಅವಳ ಕಡೆ ತಿರುಗಿದರು.

“ಅವ್ವಾ, ಉಣ್ಣು,” ಎಂದಳು ಭಾಗಮ್ಮ. “ಉಣ್ಣು ಅನ್ಲಿಕ್ಕೆ ಅವರಿಗೆ ಬಂದಿರಂಗಿಲ್ಲ.”

 ಖಂಡೆಪ್ಪ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಓದಲು ಬಾರದ ಆ ಎರಡು ಪದಗಳ ಮೇಲೆ ಬೆರಳಿಟ್ಟ. ಆ ಹೊತ್ತು ಯಾವ ಮಾತು ಅಂದಿದ್ದನೆಂಬುದು ಅವನಿಗೇ ಮರೆತಿತ್ತು. ಅಂದಿದ್ದು ಫ್ರೆಂಚಿನಲ್ಲಿ ಎಂದೇ ಇಷ್ಟು ವರ್ಷ ತಿಳಿದಿದ್ದ. ಆ ಮಾಸ್ತರ, ತನಗೆ ತಿಳಿಯದ ಆ ಮಾತನ್ನು ಕಿವಿಗೆ ಬಿದ್ದಂತೆ ಬರೆದಿಟ್ಟಿದ್ದ. ಕೆಳಗೆ ಇನ್ನೂ ಒಂದು ಸಾಲಿತ್ತು. ಜೈಬುನ್ನೀಸಾ ಅದನ್ನು ಮೆಲ್ಲಗೆ ಬಿಡಿಸಿದಳು: ಅವನು ಏನಂದ ಎಂದು ಆಮೇಲೆ ಕೇಳಿದರೆ, ಮುದುಕಿ, ನನಗೇನು ಗೊತ್ತು, ನಾನು ಉಂಡೆ, ಎಂದಳಂತೆ.

ಜೈಬುನ್ನೀಸಾ ಓದಿ ಮುಗಿಸಿದಳು. ಆಕೆ ತಾಯಿಯ ಕಡೆ ನೋಡಿದಳು. ಅಖ್ತರ ಬೇಗಂ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಗ ಜೈಬುನ್ನೀಸಾ, ಶಹಾಬಾದಿಗೆ ಬಂದಾಗಿನಿಂದ ಯಾರ ಮುಂದೆಯೂ ಆಡದಿದ್ದ ಮಾತನ್ನು ಆಡಿದಳು.

“ನಾವೂ ಅಡಗಿದ್ವಿ. ಚಿತ್ತಾಪುರದಾಗ. ಗುರುಲಿಂಗಮ್ಮ ಅಂತ, ನಮ್ಮ ಬಾಜೂ ಮನಿಯವರು. ಅವರ ಜೋಳದ ಕೋಣ್ಯಾಗ.”

ಪೊಲೀಸ್ ಆಕ್ಷನ್ ಆದ ದಿನಗಳವು. ಓಣಿಯಲ್ಲಿ ಬೆಂಕಿ ಬಿದ್ದಿತ್ತು, ಯಾರು ಯಾರನ್ನು ಕೊಲ್ಲುತ್ತಾರೆಂಬುದು ತಿಳಿಯದಾಗಿತ್ತು. ಹಿಂದಿನ ವರ್ಷವಷ್ಟೇ ಗುರುಲಿಂಗಮ್ಮನ ಮೈದುನನನ್ನು ನಿಜಾಮನ ಪರದ ರಜಾಕಾರರು ಹೊಡೆದು ಕಾಲು ಮುರಿದಿದ್ದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಆಕೆ ಬಾಗಿಲು ತೆರೆಯಬೇಕಾಗಿರಲಿಲ್ಲ. ತೆರೆದಳು. ಚೀಲಗಳ ಹಿಂದೆ ಇಬ್ಬರನ್ನೂ ಕೂರಿಸಿ, ಹೊರಗೆ ಕುಟ್ಟುವ ಒರಳು ಇಟ್ಟುಕೊಂಡು ತಾನೇ ಬಾಗಿಲಿಗೆ ಅಡ್ಡ ಕುಳಿತಳು. ಅಖ್ತರ ಬೇಗಂ ಹೆದರಿಕೆಯಿಂದ ಊಟವನ್ನೇ ಬಿಟ್ಟಿದ್ದಳು.

“ಅಮ್ಮೀ ತಿನ್ಲಿಲ್ಲ ಅಂತ ಆಕೀನೂ ತಿನ್ಲಿಲ್ಲ. ನೀವು ಉಪಾಸ ಇದ್ರ ನಾ ಹ್ಯಾಂಗ ಉಣ್ಣಲಿ ಅಂತ ಅಲ್ಲೇ ಕುಂತಳು. ಆಮ್ಯಾಲ ಅಮ್ಮೀ ಉಂಡಳು.”

“ಈಗ ಆಕಿ ಹ್ಯಾಂಗಿದಾಳ?” ಭಾಗಮ್ಮ ಕೇಳಿದಳು.

“ಗೊತ್ತಿಲ್ಲ. ನಾ ಮತ್ತ ಹೋಗೇ ಇಲ್ಲ.”

“ಯಾಕ್ರಿ?”

 ಖಂಡೆಪ್ಪ ಪುಸ್ತಕ ಮುಚ್ಚಿ ಟವೆಲಿನಲ್ಲಿ ಸುತ್ತಿದ. “ಹೋಗಿ ಬರ್ರಿ ಅಕ್ಕೋರೆ. ಫ್ರಾನ್ಸ್ ನನಗ ಭಾಳ ದೂರ ಅದ. ನಿಮಗ ಚಿತ್ತಾಪುರ ಹತ್ರ ಅದ,” ಎಂದ.

ಚಳಿಗಾಲದ ರಜೆಯಲ್ಲಿ ತಾಯಿ ಮಗಳು ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರಕ್ಕೆ ಹೋದರು. ಓಣಿಯ ತಿರುವಿನಲ್ಲಿ ಜೈಬುನ್ನೀಸಾಳ ಕಾಲು ನಿಂತುಬಿಟ್ಟಿತು. ತಾಯಿಯೇ ಮುಂದೆ ನಡೆದಳು. ಗುರುಲಿಂಗಮ್ಮ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಯಾರು, ಜೈಬೂ ಏನು? ಬಾಗಿಲಾಗ ನಿಂತು ಏನು ನೋಡ್ಲಿಕತ್ತಿ? ಒಳಗ ಬಾ.”

“ಇಷ್ಟು ದಿನ ಬರ್ಲಿಲ್ಲ, ತಪ್ಪಾತು,” ಎಂದಳು ಜೈಬುನ್ನೀಸಾ. “ಬಂದ್ರ ಆ ದಿನ ಎಲ್ಲಾ ನೆನಪಾಗ್ತಾವ ಅಂತ ಅಂಜಿಕಿ.”

“ನೀ ಬಂದ್ರೂ ನೆನಪಾಗ್ತಾವ, ಬರದಿದ್ರೂ ನೆನಪಾಗ್ತಾವ. ಬಂದ್ರ ಛಲೋ,” ಎಂದಳು ಗುರುಲಿಂಗಮ್ಮ.

ಜೋಳದ ಕೋಣೆಯನ್ನು ನೋಡಬೇಕೆಂದು ಜೈಬುನ್ನೀಸಾ ಕೇಳಿದಳು. ಚೀಲಗಳನ್ನು ಒಂದು ಬದಿಗೆ ಸರಿಸಿ, ಅಲ್ಲಿ ತೊಟ್ಟಿಲು ಕಟ್ಟಿದ್ದರು. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಅದೇ ಎಂದು ಸೊಸೆ ಕೂಸನ್ನು ಅಲ್ಲೇ ಮಲಗಿಸುತ್ತಿದ್ದಳು. ಅಖ್ತರ ಬೇಗಂ ಬಗ್ಗಿ ಕೂಸನ್ನು ಎತ್ತಿಕೊಂಡಳು. ಆ ಹೊತ್ತು ಮೂರೂ ಜನ ಹೆಂಗಸರು ಒಟ್ಟಿಗೆ ಕುಳಿತು ಉಂಡರು. ಜೈಬುನ್ನೀಸಾ ಫ್ರಾನ್ಸಿನ ಮುದುಕಿಯ ಕಥೆಯನ್ನು ಹೇಳಿದಳು. ಗುರುಲಿಂಗಮ್ಮ ಗಮನವಿಟ್ಟು ಕೇಳಿ, ಆ ಆಕಳು ದಿನಕ್ಕೆ ಎಷ್ಟು ಹಾಲು ಕೊಡುತ್ತಿತ್ತು ಎಂದು ವಿಚಾರಿಸಿದಳು.

ಕಾದಂಬರಿಯನ್ನು ಕನ್ನಡಕ್ಕೆ ತರಬೇಕೆಂಬ ಮನಸ್ಸು ಜೈಬುನ್ನೀಸಾಳಿಗೆ ಹುಟ್ಟಿದ್ದು ಬರುವ ದಾರಿಯಲ್ಲಿ, ಗಾಡಿಯಲ್ಲಿ. ಕನ್ನಡ ಬರೆಯಲು ಕಲಿತು ಎರಡು ವರ್ಷವಾಗಿತ್ತು ಅಷ್ಟೇ. ಇಂಗ್ಲಿಷನ್ನು ಎಡಗಡೆ, ಫ್ರೆಂಚನ್ನು ಬಲಗಡೆ ಇಟ್ಟುಕೊಂಡು ಬರೆಯತೊಡಗಿದಳು. ಕಥೆಯ ದಾರಿ ತಪ್ಪಿದಲ್ಲಿ ಇಂಗ್ಲಿಷ್ ಕೈಹಿಡಿಯುತ್ತಿತ್ತು. ಮಾತಿನ ರುಚಿಗೆ ಫ್ರೆಂಚಿಗೇ ಹೋಗಬೇಕಾಗಿತ್ತು. ಆ ಇಂಗ್ಲಿಷ್ ಅನುವಾದಕನ ಮೇಲೆ ಮೊದಲು ಆಕೆಗೆ ಸಿಟ್ಟಿತ್ತು. ಬರೆಯುತ್ತ ಬರೆಯುತ್ತ ಆ ಸಿಟ್ಟು ಇಳಿಯಿತು. ತಾನೂ ಎಷ್ಟೋ ಸಾಲುಗಳನ್ನು ಬಿಟ್ಟು ಮುಂದೆ ಹೋಗಬೇಕಾಗಿತ್ತು. ಹಿಮ ಬಿದ್ದ ಮುಂಜಾವನ್ನು ಬಣ್ಣಿಸುವ ಒಂದು ಪುಟವನ್ನು ಐದು ಸಲ ಬರೆದು ಐದು ಸಲ ಹೊಡೆದುಹಾಕಿದಳು. ಶಹಾಬಾದಿನಲ್ಲಿ ಹಿಮಕ್ಕೆ ಮಾತು ಎಲ್ಲಿಂದ ತರುವುದು? ಕೊನೆಗೆ ಭಾಗಮ್ಮನೇ, ಸುಣ್ಣದ ಭಟ್ಟಿಯ ಸುತ್ತ ಬಿದ್ದಿರುವ ಪುಡಿಯ ಹಾಗೆ ಎನ್ನಿರಿ, ನಮಗೆ ಕಾಣಿಸುತ್ತದೆ ಎಂದಳು.

ಆದರೆ ಆಕೆ ನಿಜವಾಗಿ ತಡೆದು ನಿಂತದ್ದು ಆ ಎರಡು ಪದಗಳಲ್ಲಿ. ಒಂದು ರವಿವಾರ ಅದನ್ನೇ ಎತ್ತಿದಳು.

“ಫ್ರೆಂಚಿನಾಗ ಅವು ಯಾರಿಗೂ ತಿಳಿಯಂಗಿಲ್ಲ. ಓದೋರಿಗೆ ತಿಳಿಯದ ಮಾತು ಆ ಮುದುಕಿಗೆ ಹ್ಯಾಂಗ ತಿಳೀತು ಅನ್ನೋದೇ ಅಲ್ಲಿ ದೊಡ್ಡದು. ಕನ್ನಡದಾಗ ಬರದ್ರ ಎಲ್ಲಾರಿಗೂ ತಿಳೀತದ. ಬೆರಗೇ ಉಳಿಯಂಗಿಲ್ಲ.”

ಖಂಡೆಪ್ಪ ಯೋಚಿಸಿದ. ಅವನಿಗೂ ದಾರಿ ಕಾಣಲಿಲ್ಲ.

“ತಿಳೀಲಿ ಬಿಡ್ರಿ,” ಎಂದಳು ಭಾಗಮ್ಮ. “ಅಷ್ಟು ದೂರ ಹೋಗಿ ಬಂದ ಮಾತು, ಮನಿಗೆ ಬಂದ ಮ್ಯಾಲಾದ್ರೂ ತಿಳೀಬೇಕಲ್ಲ.”

ಜೈಬುನ್ನೀಸಾ ಹಾಗೇ ಬರೆದಳು. ಅದು ಸರಿಯೋ ತಪ್ಪೋ ಎಂಬ ಅನುಮಾನ ಮಾತ್ರ ಆಕೆಯನ್ನು ಪೂರ್ತಿ ಬಿಡಲಿಲ್ಲ.

ವಾಡಿಯ ರೈಲ್ವೆ ಕಾಲೋನಿಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸುವ ವರ್ಗ ಶುರುವಾದಾಗ, ಶನಿವಾರ ಮಧ್ಯಾಹ್ನಗಳಲ್ಲಿ ಕಲಿಸಲು ಜೈಬುನ್ನೀಸಾ ಒಪ್ಪಿಕೊಂಡಳು. ಮೊದಲು ಬಂದು ಕುಳಿತವಳು ಭಾಗಮ್ಮ. ಪಾಠ ಮುಗಿದ ಮೇಲೆ ಕಾದಂಬರಿಯ ಕೆಲವು ಪುಟಗಳನ್ನು ಜೈಬುನ್ನೀಸಾ ಓದುತ್ತಿದ್ದಳು. ಪಾಯಿಂಟ್ಸ್‌ಮನ್‌ಗಳ, ಫೈರ್‌ಮನ್‌ಗಳ ಹೆಂಡಂದಿರು ಗೋಧಿ ಆರಿಸುತ್ತ, ಕೂಸುಗಳಿಗೆ ಹಾಲೂಡಿಸುತ್ತ ಕೇಳುತ್ತಿದ್ದರು. ಮೇಯರ್ ಒಳ್ಳೆಯವನೋ ಕೆಟ್ಟವನೋ ಎಂದು ಅವರಲ್ಲಿ ಎರಡು ಪಂಗಡವಾಯಿತು. ಅಟ್ಟದ ಮನುಷ್ಯ ನಮ್ಮ ಗೇಟಿನ ಖಂಡೆಪ್ಪ ಎಂದು ತಿಳಿದ ಮೇಲೆ, ಅವನು ಬಜಾರಿಗೆ ಬಂದಾಗ ಹೆಂಗಸರು ತಡೆದು, “ಆ ಮುದುಕಿ ಈಗ ಹ್ಯಾಂಗಿದಾಳ್ರಿ?” ಎಂದು ಕೇಳತೊಡಗಿದರು. ಅವನು ನಾಚಿ, ಅರಾಮಿದಾಳೆ ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಖಂಡೆಪ್ಪ ಹೇಳಿ ಜೈಬುನ್ನೀಸಾ ಬರೆದ ಫ್ರೆಂಚ್ ಕಾಗದಕ್ಕೆ ಮಾಸ್ತರ ಉತ್ತರ ಕೊಟ್ಟಿದ್ದ. ಬೆರ್ತಳಿಗೆ ಕಿವಿ ಮಂದವಾಗಿದೆ, ಹೊಸ ಆಕಳು ಕಟ್ಟಿದ್ದಾಳೆ, ನಿಮ್ಮ ಫ್ರೆಂಚಿನಲ್ಲಿ ತಪ್ಪುಗಳು ಬಹಳ, ಆದರೆ ಓದುವಾಗ ಮುದುಕಿಯ ದನಿಯೇ ಕೇಳಿಸಿತು, ಎಂದು ಬರೆದಿದ್ದ. ಜೊತೆಗೆ ತನ್ನ ಇನ್ನೊಂದು ಪುಸ್ತಕವನ್ನೂ ಕಳಿಸಿದ್ದ.

ಮುಂದೆ ಜೈಬುನ್ನೀಸಾಳಿಗೆ ಸೇಡಮ್ಮಿಗೆ ವರ್ಗವಾಯಿತು, ಮುಖ್ಯೋಪಾಧ್ಯಾಯಿನಿಯಾಗಿ. ಕನ್ನಡ ಬಾರದ ಉಪಾಧ್ಯಾಯಿನಿ ಎಂದು ಬಂದವಳು, ಕನ್ನಡ ಶಾಲೆಯನ್ನು ನಡೆಸಲು ಹೋದಳು. ಐವತ್ತಾರರ ನವೆಂಬರಿನಲ್ಲಿ ಆ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆಯಲ್ಲಿ ಹುಡುಗಿಯರಿಗೆ ಸಿಹಿ ಹಂಚಿ ಮನೆಗೆ ಬಂದಾಗ ಅಖ್ತರ ಬೇಗಂ ಬಿಸಿಲಿಗೆ ಕುಳಿತು ಸುಪಾರಿ ಕತ್ತರಿಸುತ್ತಿದ್ದಳು.

“ಸಬ್ ಕೂ ಸುನಾಯಿ ತೂ. ಮೇರೆ ಕೂ ಕಬ್ ಸುನಾತಿ?” ಎಂದಳು. ಎಲ್ಲರಿಗೂ ಓದಿ ಹೇಳಿದೆ, ನನಗೆ ಯಾವಾಗ?

ಜೈಬುನ್ನೀಸಾಳಿಗೆ ಅಚ್ಚರಿಯಾಯಿತು. ಗೇಟಿನ ಮನೆಯ ಚಾಪೆಯ ಮೇಲೆ ಎಲ್ಲ ರವಿವಾರಗಳಲ್ಲೂ ತಾಯಿ ಕುಳಿತಿದ್ದಳಲ್ಲ. ಕನ್ನಡವೂ ತಿಳಿಯುತ್ತಿತ್ತಲ್ಲ. ಹೌದು, ತಿಳಿಯಿತು, ಎಂದಳು ಅಖ್ತರ ಬೇಗಂ. ತಿಳಿಯುವುದೇ ಬೇರೆ, ನನ್ನ ಮಾತಿನಲ್ಲಿ ಕೇಳುವುದೇ ಬೇರೆ. ನಿನ್ನ ಅಬ್ಬಾ ಇದ್ದಾಗ ಸಂಜೆ ಹೊತ್ತು ಹಾಗೆ ಓದುತ್ತಿದ್ದರು.

ಕನ್ನಡ ಪರೀಕ್ಷೆಗೆ ಕುಳಿತಂದಿನಿಂದ ಜೈಬುನ್ನೀಸಾ ಉರ್ದುವಿನಲ್ಲಿ ಬರೆದದ್ದು ಅಗಸರ ಬಟ್ಟೆಯ ಲೆಕ್ಕ ಅಷ್ಟೇ. ಆಕೆ ಒಳಗೆ ಹೋಗಿ, ಸೇಡಮ್ಮಿಗೆ ಹೊರಟ ದಿನ ಖಂಡೆಪ್ಪ ಕೈಗಿಟ್ಟಿದ್ದ ಫ್ರೆಂಚ್ ಪುಸ್ತಕವನ್ನೂ ಬಿಳಿ ಹಾಳೆಗಳನ್ನೂ ತಂದು ತಾಯಿಯ ಪಕ್ಕ ಕುಳಿತಳು. ಈ ಸಲ ಇಂಗ್ಲಿಷ್ ಪ್ರತಿ ತರಲಿಲ್ಲ, ಅದು ಎಂದೋ ಕ್ಲಬ್ಬಿಗೆ ಮರಳಿತ್ತು. ಉರ್ದು ಬರೆಯುವ ಹಾಗೆ ಹಾಳೆಯ ಬಲ ಅಂಚಿನಿಂದ ಶುರು ಮಾಡಿದಳು. ಮೊದಲ ಸಾಲಿಗೆ ಕೈ ಸ್ವಲ್ಪ ಅನುಮಾನಿಸಿತು. ಎರಡನೆಯ ಸಾಲಿಗೆ ಸರಾಗವಾಯಿತು. ಬರೆದದ್ದನ್ನು ಬರೆದಂತೆ ಗಟ್ಟಿಯಾಗಿ ಓದುತ್ತ ಹೋದಳು. ತಾಯಿ ಅಡಕೊತ್ತು ಕೆಳಗಿಟ್ಟು, ಮುಂದೆ ಏನಾಯಿತು ಎಂದು, ಏನೂ ಗೊತ್ತಿಲ್ಲದವಳಂತೆ, ಕೇಳಿದಳು.